ಕೆರೆಯ ತಳದಲ್ಲಿ ಕೂತ ಮೈಸೂರು

ಮುಂಗಾರಿಗೆ ಮೊದಲು ಕೃಷ್ಣಮೂರ್ತಿಪುರಂನ ಅಡ್ಡರಸ್ತೆಗಳಲ್ಲಿ ಮೋರಿ ಬಳಿಯುವ ಕೆಲಸ ನಡೆಯುತ್ತದೆ. ಪೌರಕಾರ್ಮಿಕರು ಕಲ್ಲುಚಪ್ಪಡಿ ಎಬ್ಬಿಸಿ, ಸನಿಕೆ ಹಾಕಿ, ತಳದಲ್ಲಿ ಗಟ್ಟಿಯಾಗಿ ಕೂತ ಕೆಸರನ್ನು ಎತ್ತಿ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ಕಪ್ಪು ಕೆಸರು. ಮೇಲೆ ಎಣ್ಣೆಯ ಹೊಳಪು, ಒಳಗೆ ಹಾಲಿನ ಕವರು, ಗುಟ್ಕಾ ಪೊಟ್ಟಣ, ಸವೆದ ಚಪ್ಪಲಿಯ ಉಂಗುಷ್ಠ. ಕೊಳೆತ ಮೊಟ್ಟೆಯ ವಾಸನೆಗೆ ದಾರಿಹೋಕರು ಮೂಗು ಮುಚ್ಚಿಕೊಂಡು ಆಚೆ ಬದಿಗೆ ಸರಿಯುತ್ತಾರೆ. ಗುಡ್ಡೆ ಸಾಗಿಸುವ ಗಾಡಿ ತಡವಾಗಿ, ನಡುವೆ ಒಂದು ಜೋರು ಮಳೆ ಹೊಡೆದರೆ ಎತ್ತಿದ್ದರಲ್ಲಿ ಅರ್ಧ ಮತ್ತೆ ಮೋರಿಗೇ ಇಳಿಯುತ್ತದೆ.

ಆ ಗುಡ್ಡೆಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ನಲ್ಲಿಯಲ್ಲಿ ಕಂದು ನೀರು ಬಂದರೆ ವಾಣಿ ವಿಲಾಸ ವಾಟರ್ ವರ್ಕ್ಸ್‌ಗೆ ಫೋನು ಹೋಗುತ್ತದೆ. ಕೆರೆಯಲ್ಲಿ ಮೀನು ಸತ್ತು ತೇಲಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಹೂಳಿನ ವಿಷಯಕ್ಕೆ ಬಂದರೆ ಮಾತ್ರ ಅದು ಇಲ್ಲಿಂದ ತೊಲಗಿದರೆ ಸಾಕು ಎನ್ನುವುದೊಂದೇ ನಮ್ಮ ಯೋಚನೆ. ತೊಲಗಿದ್ದು ಎಲ್ಲಿಗೆ ಹೋಯಿತು, ಹೋಗುವಾಗ ಏನನ್ನು ಹೊತ್ತುಕೊಂಡು ಹೋಯಿತು ಎಂದು ವಿಚಾರಿಸುವ ಪರಿಪಾಠವೇ ನಮ್ಮಲ್ಲಿಲ್ಲ. ನೀರನ್ನು ಪರೀಕ್ಷಿಸಿ ಹೂಳನ್ನು ಬಿಟ್ಟುಬಿಡುವ ಈ ರೂಢಿ ನನ್ನ ಮಟ್ಟಿಗೆ ನಮ್ಮ ಕೆರೆ ಚರ್ಚೆಗಳ ದೊಡ್ಡ ಲೋಪ.

ಇಳಿಜಾರಿನ ಲೆಕ್ಕ

ಮೈಸೂರು ಕೂತಿರುವುದು ಎರಡು ನದಿಗಳ ನಡುವಿನ ದಿಣ್ಣೆಯ ಮೇಲೆ. ಉತ್ತರಕ್ಕೆ ಹರಿದ ನೀರು ಕಾವೇರಿಗೆ, ದಕ್ಷಿಣಕ್ಕೆ ಹರಿದದ್ದು ಕಬಿನಿಗೆ. ಕೃಷ್ಣಮೂರ್ತಿಪುರಂ ಇರುವುದು ದಕ್ಷಿಣದ ಇಳಿಜಾರಿನಲ್ಲಿ. 1898ರ ಪ್ಲೇಗು ಕೋಟೆಯೊಳಗಿನ ಇಕ್ಕಟ್ಟಿನ ಕೇರಿಗಳನ್ನು ಹಿಂಡಿಹಾಕಿದ ಮೇಲೆ ಊರನ್ನು ಹೊರಗೆ ಹರಡಬೇಕೆಂಬ ಯೋಚನೆ ಬಲವಾಯಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಳಿ ಬಂತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಎಲ್ಲ ಹೀಗೆ ಗೆರೆ ಹೊಡೆದು ಕಟ್ಟಿದ ಬಡಾವಣೆಗಳು. ಗಾಳಿ, ಬೆಳಕು, ಮನೆಗಳ ಹಿಂದೆ ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಕೊಳೆ ಜನರ ಕಣ್ಣಿಗೆ, ಮೂಗಿಗೆ ಬೀಳದೆ ಊರಾಚೆ ಹೋಗಬೇಕು ಎಂಬುದೇ ಆ ನಕ್ಷೆಗಳ ತಿರುಳು. ಪ್ಲೇಗಿನ ಕಾಲಕ್ಕೆ ಅದು ಸರಿಯಾದ ವಿವೇಕವೇ.

ಬಡಾವಣೆಗೆ ಹೆಸರು ಕೊಟ್ಟ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರು, ದಿವಾನ್ ಪೂರ್ಣಯ್ಯನವರ ವಂಶಸ್ಥರು. ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ಪೂರ್ಣಯ್ಯ ತೋಡಿಸಿದ ಕಾಲುವೆ ಗುರಿ ಮುಟ್ಟಲೇ ಇಲ್ಲ. ಬರಬರುತ್ತಾ ಅದು ಊರಿನ ಮಳೆನೀರು, ಕೊಳಚೆ ಹರಿಯುವ ಪೂರ್ಣಯ್ಯ ನಾಲೆಯಾಯಿತು. ಕುಡಿಯುವ ನೀರಿಗೆಂದು ತೋಡಿದ್ದು ಚರಂಡಿಯಾಗುವುದು ಈ ಊರಿಗೆ ಹೊಸದೇನಲ್ಲ.

ಇಂದು ನಗರದ ಒಳಚರಂಡಿ ಮೂರು ದಿಕ್ಕಿಗೆ ಹಂಚಿಹೋಗಿದೆ: ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂ. ನಮ್ಮ ಪಾಲಿಗೆ ಬರುವುದು ಮೂರನೆಯದು. ಹಳಬರ ಬಾಯಲ್ಲಿ ಅದಕ್ಕೆ ಇನ್ನೂ ‘ಸೂಯೇಜ್ ಫಾರಂ’ ಎಂದೇ ಹೆಸರು. ಗಾಳಿ ಆ ಕಡೆಯಿಂದ ಬೀಸಿದ ಸಂಜೆ ಸುತ್ತಲಿನ ಬಡಾವಣೆಗಳವರಿಗೆ ಅದರ ವಿಳಾಸ ಹೇಳಿಕೊಡಬೇಕಿಲ್ಲ. ದಿನಕ್ಕೆ 67.65 ದಶಲಕ್ಷ ಲೀಟರ್ ಕೊಳಚೆ ಸಂಸ್ಕರಿಸುವ ಸಾಮರ್ಥ್ಯ ಅಲ್ಲಿನ ಘಟಕಕ್ಕಿದೆ. ಘಟಕದಿಂದ ಬಿಟ್ಟ ನೀರು, ಘಟಕಕ್ಕೇ ಹೋಗದೆ ರಾಜಕಾಲುವೆಗೆ ನುಗ್ಗಿದ ಕೊಳಚೆ, ರಸ್ತೆ ತೊಳೆದು ಬಂದ ಮಳೆನೀರು ಎಲ್ಲ ಸೇರಿ ನಂಜನಗೂಡು ರಸ್ತೆಯ ದಳವಾಯಿ ಕೆರೆಗೆ ಇಳಿಯುತ್ತವೆ. ಅಲ್ಲಿಂದ ಮುಂದೆ ಕೋಡಿ ಹರಿದು, ಕೆಳಗಿನ ಕೆರೆಗಳನ್ನು ದಾಟಿ ಕಬಿನಿಯ ದಾರಿ.

ಕೊಳಚೆ ಘಟಕ ನೀರಿನ ಕೊಳೆಯನ್ನು ಕಳೆಯುತ್ತದಲ್ಲ, ಮತ್ತೇನು ಚಿಂತೆ ಎನ್ನಬಹುದು. ಘಟಕವನ್ನು ಕಟ್ಟಿರುವುದು ಸಾವಯವ ಕೊಳೆಗೆ. ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಸೀಸವನ್ನು, ಕ್ಯಾಡ್ಮಿಯಮ್ಮನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಇಲ್ಲ. ಲೋಹ ಒಂದು ಮೂಲಧಾತು. ಅದನ್ನು ಸುಡಲಿ, ಕೊಳೆಸಲಿ, ಅದು ಇದ್ದಷ್ಟೇ ಇರುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾಗ ಬದಲಿಸುವುದಷ್ಟೇ ಅದಕ್ಕೆ ಗೊತ್ತು. ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿದು ಹೋದ ಮೇಲೆ ಮೇಲಿನ ಡಬ್ಬಿಯಲ್ಲಿ ಚರಟ ಉಳಿಯುವಂತೆ, ನೀರು ಮುಂದೆ ಹೋಗುತ್ತದೆ, ಲೋಹ ಘಟಕದ ಗಸಿಯಲ್ಲೋ ಕೆರೆಯ ಹೂಳಿನಲ್ಲೋ ಕೂರುತ್ತದೆ.

ಕಾರ್ಖಾನೆಯೇ ಬೇಕಿಲ್ಲ

ಭಾರಲೋಹ ಎಂದೊಡನೆ ಹೊಗೆಯುಗುಳುವ ಚಿಮಣಿ ಕಣ್ಣಮುಂದೆ ಬರುತ್ತದೆ. ಕೃಷ್ಣಮೂರ್ತಿಪುರಂನಂಥ ಮನೆ, ಮಠ, ಸಂಗೀತ ಪಾಠ, ಮೆಸ್ಸುಗಳ ಬಡಾವಣೆಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಅನಿಸುವುದು ಸಹಜ. ಆದರೆ ಊರು ಎಂಬುದೇ ನಿಧಾನವಾಗಿ ಸವೆಯುವ ಲೋಹದ ರಾಶಿ. ಟಯರಿನ ರಬ್ಬರನ್ನು ಗಟ್ಟಿಮಾಡಲು ಸತುವಿನ ಆಕ್ಸೈಡ್ ಬೆರೆಸುತ್ತಾರೆ. ಟಯರು ಸವೆದಷ್ಟೂ ಸತು ರಸ್ತೆಗೆ. ಬ್ರೇಕಿನ ಪ್ಯಾಡಿನಲ್ಲಿ ತಾಮ್ರ. ಬಲ್ಲಾಳ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಒಂದೊಂದು ಸಲ ಬ್ರೇಕು ಹಿಡಿದಾಗಲೂ ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ತಗಡಿನ ಸೂರಿನಿಂದ ಮತ್ತೆ ಸತು. ಗ್ಯಾರೇಜು ತೊಳೆದ ನೀರು, ಬ್ಯಾಟರಿ ಅಂಗಡಿಯ ಹಿಂಬದಿಗೆ ಸುರಿದ ಆಸಿಡ್ಡು, ಲೋಹಲೇಪದ ಕೆಲಸದ ತೊಟ್ಟಿಯಿಂದ ಬಂದ ಕ್ರೋಮಿಯಂ, ನಿಕ್ಕಲ್. ಹಳೆಯ ಕಿಟಕಿಗಳ ಎನಾಮಲ್ ಬಣ್ಣ ಉಜ್ಜಿ ಉದುರಿಸಿದಾಗ ಸೀಸ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದೆ ಬಳಿದದ್ದು ಗೋಡೆಗಳ ಮೇಲೆ ಈಗಲೂ ಪದರಪದರವಾಗಿದೆ. ಕೆಲವು ಕಡೆ ಆಂಜನೇಯನಿಗೆ ಬಳಿಯುವ ಕೇಸರಿ ಸಿಂಧೂರವೂ ಸೀಸದ ಆಕ್ಸೈಡೇ. ಬಣ್ಣ ಬಳಿದ ಗಣಪತಿಯನ್ನು ಕೆರೆಗೆ ಬಿಡುವ ಕತೆ ಎಲ್ಲರಿಗೂ ಗೊತ್ತಿರುವುದೇ.

ಸೀಸದ ಮಟ್ಟಿಗೆ ದೊಡ್ಡ ಪಾಲು ಪೆಟ್ರೋಲಿನದಿತ್ತು. ಎಂಜಿನ್ ಬಡಿದುಕೊಳ್ಳದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಪದ್ಧತಿ ಇಡೀ ದೇಶದಲ್ಲಿ ನಿಂತದ್ದು 2000ದಲ್ಲಿ. ಅಲ್ಲಿಯವರೆಗೆ ಓಡಿದ ಪ್ರತಿಯೊಂದು ಚೇತಕ್ಕು, ಅಂಬಾಸಿಡರ್ರು, ಮೈಸೂರಿನಲ್ಲೇ ಹುಟ್ಟಿ ನಾವೆಲ್ಲ ಹೆಮ್ಮೆಪಡುವ ಜಾವಾ, ಯೆಜ್ಡಿ ಬೈಕುಗಳು ಹೊಗೆಕೊಳವೆಯಿಂದ ಸೀಸ ಊದುತ್ತಲೇ ಓಡಿದವು. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ದೇಶದ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷೆಯ ಫಲಿತಾಂಶ ಹೊರಗಿಟ್ಟಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮಟ್ಟವನ್ನು ಮುಟ್ಟಿತ್ತು ಅಥವಾ ಮೀರಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಆ ಹೋರಾಟವನ್ನು ವರ್ಷಗಟ್ಟಲೆ ಎಳೆದರು. ಪೆಟ್ರೋಲು ಬದಲಾಯಿತು, ಗಾಳಿ ಸುಧಾರಿಸಿತು. ಗಾಳಿಯಿಂದ ಇಳಿದ ಸೀಸ ಮಾತ್ರ ರಸ್ತೆಯಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗಿ ಕೂತಿದೆ. 1985ರ ಸೀಸ 2025ರಲ್ಲೂ ಸೀಸವೇ.

ಕಡಲಿಲ್ಲದ ಊರಿನ ಲಗೂನ್

ಹೂಳಿನಲ್ಲಿ ಲೋಹ ಅಳೆಯುವ ಶಾಸ್ತ್ರದಲ್ಲಿ ಕಡಲತಡಿಯ ಅಧ್ಯಯನಗಳ ಪಾಲು ದೊಡ್ಡದು. ನದಿ ಕಡಲಿಗೆ ಸೇರುವ ಮುನ್ನ ಮರಳದಿಬ್ಬದ ಹಿಂದೆ ನಿಂತು ಹರಡಿಕೊಳ್ಳುವ ಲಗೂನುಗಳಲ್ಲಿ ನೀರಿನ ಓಟ ಸತ್ತುಹೋಗುತ್ತದೆ. ಓಟ ನಿಂತೊಡನೆ ನದಿ ಹೊತ್ತು ತಂದ ನಯವಾದ ಜೇಡಿ ತಳಕ್ಕಿಳಿಯುತ್ತದೆ. ಲೋಹಗಳು ಅಂಟಿಕೊಂಡಿರುವುದು ಆ ನಯವಾದ ಕಣಗಳಿಗೇ. ಮರಳಿನ ಹರಳಿಗಿಂತ ಜೇಡಿಯ ಕಣಕ್ಕೆ ಮೈ ಹೆಚ್ಚು, ಹಿಡಿತ ಹೆಚ್ಚು. ಆದ್ದರಿಂದಲೇ ಹೂಳಿನ ಮಾದರಿ ತೆಗೆದವರು ಮೊದಲು 63 ಮೈಕ್ರಾನ್ ಜರಡಿ ಹಿಡಿಯುತ್ತಾರೆ. ಕೆಳಗೆ ಇಳಿದದ್ದನ್ನು ಆಸಿಡ್ಡಿನಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ.

ನಮ್ಮ ನದಿಯೂ ಅಂಥದೊಂದು ಲಗೂನಿನಲ್ಲಿ ಕೊನೆಗೊಳ್ಳುತ್ತದೆ. ದಳವಾಯಿ ಕೆರೆಯ ನೀರು ಕಬಿನಿಗೆ, ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ. ಕಾವೇರಿ ತಂಜಾವೂರಿನ ಬಯಲಲ್ಲಿ ಕವಲೊಡೆದು, ದಕ್ಷಿಣದ ಕೆಲವು ಕವಲುಗಳು ಮುತ್ತುಪೇಟೆಯ ಕಾಂಡ್ಲಾ ಕಾಡಿನ ನಡುವಿನ ಲಗೂನಿಗೆ ಬಂದು ಬೀಳುತ್ತವೆ. ಆ ತಳದ ಕೆಸರಿನಲ್ಲಿ ಕೊಳವೆ ಇಳಿಸಿ, ಪದರಗಳಲ್ಲಿ ಲೋಹ ಅಳೆದ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ಹಾಗೆಂದು ಕೃಷ್ಣಮೂರ್ತಿಪುರಂನ ಸೀಸ ಮುತ್ತುಪೇಟೆಯ ಸೀಗಡಿಗೆ ತಲುಪಿತು ಎಂದು ಬೊಬ್ಬೆ ಹಾಕುವುದು ಅತಿಯಾದೀತು. ನಡುವೆ 1934ರಿಂದ ಮೆಟ್ಟೂರು ಅಣೆಕಟ್ಟು ನಿಂತಿದೆ. ಅದಕ್ಕೂ ಮೊದಲು ಊರೂರಿನ ಕೆರೆಗಳಿವೆ, ಅಣೆಗಳಿವೆ. ನೀರು ನಿಂತಲ್ಲೆಲ್ಲ ಹೂಳು ಇಳಿಯುತ್ತದೆ. ಕಡಲ ಲಗೂನು ಮಾಡುವ ಕೆಲಸವನ್ನು ನಮ್ಮಲ್ಲಿ ಕೆರೆ ಮಾಡುತ್ತದೆ, ಊರಿಗೆ ಅಂಟಿಕೊಂಡೇ ಮಾಡುತ್ತದೆ. ಮುತ್ತುಪೇಟೆಗೆ ಹೋಗಬೇಕಾದ್ದರಲ್ಲಿ ಬಹುಪಾಲು ದಳವಾಯಿ ಕೆರೆಯಲ್ಲೇ ಇದ್ದೀತು.

ಹೂಳಿನಲ್ಲಿ ವಿಷ ಕೂತರೆ ಅದನ್ನು ತೆಗೆಯುವ ಪಾಡು ಏನು ಎಂಬುದಕ್ಕೆ ಜಗತ್ತಿನ ದೊಡ್ಡ ಉದಾಹರಣೆ ಜಪಾನಿನ ಮಿನಮಾಟಾ. ರಾಸಾಯನಿಕ ಕಾರ್ಖಾನೆಯ ಪಾದರಸ ಕೊಲ್ಲಿಯ ಕೆಸರಿಗೆ, ಕೆಸರಿನಿಂದ ಮೀನಿಗೆ, ಮೀನಿನಿಂದ ಬೆಸ್ತರ ಮಿದುಳಿಗೆ ಹೋಯಿತು. ಕಾರ್ಖಾನೆ 1968ರಲ್ಲಿ ಪಾದರಸ ಬಿಡುವುದನ್ನು ನಿಲ್ಲಿಸಿತು. ಕೆಸರು ಎತ್ತುವ ಕೆಲಸ 1977ರಲ್ಲಿ ಶುರುವಾಗಿ 1990ರವರೆಗೆ ನಡೆಯಿತು. ಸುಮಾರು 15 ಲಕ್ಷ ಘನಮೀಟರ್ ಕೆಸರು ಎತ್ತಿ, ಕೊಲ್ಲಿಯ ಒಂದು ಮಗ್ಗುಲಿಗೆ ಗೋಡೆ ಕಟ್ಟಿ, ಅದರೊಳಗೆ ತುಂಬಿ ಮುಚ್ಚಿದರು. 58 ಹೆಕ್ಟೇರ್ ಹೊಸ ನೆಲ ಎದ್ದಿತು. ಎಷ್ಟು ಲೋಹ ಇದ್ದರೆ ಎತ್ತಬೇಕು ಎಂಬುದನ್ನು ಅವರು ಮೊದಲೇ ಅಳೆದು ಗೊತ್ತುಮಾಡಿದ್ದರು: ದಶಲಕ್ಷಕ್ಕೆ 25 ಭಾಗಕ್ಕಿಂತ ಹೆಚ್ಚು ಪಾದರಸ ಇದ್ದ ಕೆಸರು. ನಮ್ಮ ಕಾರವಾರದ ಬಿಣಗಾದಲ್ಲೂ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸವನ್ನು ಕಡಲ ಮೀನುಗಾರಿಕಾ ವಿಜ್ಞಾನಿಗಳು ಅಳೆದು 1990ರಲ್ಲಿ ಪ್ರಕಟಿಸಿದ್ದರು. ಅದನ್ನು ನೆನಪಿಟ್ಟುಕೊಂಡವರು ಕರಾವಳಿಯಲ್ಲೂ ಕಡಿಮೆ.

ಕಬಿನಿಯ ನೀರು ಮತ್ತು ಹೂಳು ಎರಡರಲ್ಲೂ ಭಾರಲೋಹ ಅಳೆದ ಅಧ್ಯಯನವೊಂದು ಮೈಸೂರು ವಿಶ್ವವಿದ್ಯಾನಿಲಯದ ಎಚ್.ಟಿ. ಬಸವರಾಜಪ್ಪ ಮತ್ತು ಸಂಗಡಿಗರಿಂದ 2011ರಲ್ಲಿ ಪ್ರಕಟವಾಯಿತು. ಮಾನಸಗಂಗೋತ್ರಿಯಿಂದ ದಳವಾಯಿ ಕೆರೆಗೆ ಸ್ಕೂಟರಿನಲ್ಲಿ ಹೋಗಿಬರಬಹುದು. ಬಲ್ಲವರು ಊರಲ್ಲೇ ಇದ್ದಾರೆ. ಅವರು ಅಳೆಯುವ ಹೂಳಿನ ಅಂಕಿ ಕಚೇರಿಯ ಕಡತಕ್ಕೆ ಹೋಗಲು ಕಂಡಿ ಇಲ್ಲ, ಅಷ್ಟೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ದೇಶದ 351 ಮಲಿನ ನದಿಪಾತ್ರಗಳಲ್ಲಿ ಕಬಿನಿಯ ನಂಜನಗೂಡು–ಹೆಜ್ಜಿಗೆ ಭಾಗವೂ ಇದೆ. ಆ ಪಟ್ಟಿಗೆ ಸೇರಿಸುವ ಅಳತೆಗೋಲು ನೀರಿನ ಬಿಒಡಿ, ಅಂದರೆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ. ಕೆರೆಗಳಿಗೆ ‘ಡಿ’, ‘ಇ’ ಎಂದು ದರ್ಜೆ ಕೊಡುವಾಗಲೂ ಸೀಸ, ಕ್ಯಾಡ್ಮಿಯಂ ಲೆಕ್ಕಕ್ಕೇ ಬರುವುದಿಲ್ಲ. ಕೆರೆಗೆ ಕೊಳಚೆ ಬರುವುದನ್ನು ನಿಲ್ಲಿಸಿ, ನೀರು ತಿಳಿಯಾಗಿ, ದರ್ಜೆ ಮೇಲೇರಿದರೂ ತಳದ ಹೂಳು ಹಾಗೇ ಇದ್ದೀತು.

ಕಪ್ಪು ಹೂಳು ಬಿಸಿಲಿಗೆ ಬಿದ್ದಾಗ

ಹೂಳು ಕಪ್ಪಗಿರುವುದಕ್ಕೂ ಕೊಳೆತ ಮೊಟ್ಟೆಯಂತೆ ನಾರುವುದಕ್ಕೂ ಕಾರಣ ಒಂದೇ. ತಳದಲ್ಲಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಸಲ್ಫೈಡು ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಸೀಸ, ಸತು, ಕ್ಯಾಡ್ಮಿಯಂ ಸಿಕ್ಕರೆ ಅವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದುಕೊಂಡ ಲೋಹ ನೀರಿಗೆ ಸುಲಭವಾಗಿ ಬರುವುದಿಲ್ಲ, ಮೀನಿಗೂ ಗಿಡಕ್ಕೂ ಅಷ್ಟು ಬೇಗ ಎಟುಕುವುದಿಲ್ಲ. ನೀರಿನ ಪರೀಕ್ಷೆಯಲ್ಲಿ ಕೆರೆ ಪಾಸಾಗಿ ಹೂಳಿನಲ್ಲಿ ಫೇಲಾಗುವುದು ಈ ಕಾರಣಕ್ಕೆ.

ಆ ಹೂಳನ್ನು ಜೆಸಿಬಿಯಲ್ಲಿ ಎತ್ತಿ ಏರಿಯ ಮೇಲೆ ಹರವಿ ಬಿಸಿಲಿಗೆ ಬಿಟ್ಟರೆ ಗಾಳಿ ಒಳಹೊಕ್ಕು ಸಲ್ಫೈಡು ಮತ್ತೆ ಸಲ್ಫೇಟಾಗುತ್ತದೆ, ಜೊತೆಗೆ ಆಮ್ಲ ಹುಟ್ಟುತ್ತದೆ. ಹಿಡಿದಿಟ್ಟಿದ್ದ ಲೋಹ ಕೈಬಿಡುತ್ತದೆ. ಒಣಗಿ ಕಪ್ಪು ಬಣ್ಣ ಕಂದಾದಾಗ, ವಾಸನೆ ಹೋದಾಗ ನಮಗೆ ಹೂಳು ಶುದ್ಧವಾದಂತೆ ಕಾಣುತ್ತದೆ. ಒಳಗಿನ ಲೋಹ ಗಿಡದ ಬೇರಿಗೆ ಎಟುಕಲು ತಯಾರಾಗುವುದು ಅದೇ ಹೊತ್ತಿನಲ್ಲಿ.

ಕೆರೆಗೋಡನ್ನು, ಅಂದರೆ ಕೆರೆಯ ಹೂಳನ್ನು, ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ಜಾಣ್ಮೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಗೋಡು ತುಂಬಿ ತರುತ್ತಿದ್ದರು. ಮರಳು ಮಿಶ್ರಿತ ಕೆಂಪು ನೆಲಕ್ಕೆ ಅದರಿಂದ ಹಸಿ ನಿಲ್ಲುತ್ತಿತ್ತು, ಸಾರ ಬರುತ್ತಿತ್ತು, ಕೆರೆಯೂ ಆಳವಾಗುತ್ತಿತ್ತು. ಒಂದು ಹಳ್ಳಿಯ ಕೆರೆಗೆ ಹೊಲ, ಗೋಮಾಳದ ನೀರಷ್ಟೇ ಬರುವುದಾದರೆ ಆ ಗೋಡು ಇಂದಿಗೂ ಚಿನ್ನವೇ. ಧರ್ಮಸ್ಥಳದ ‘ನಮ್ಮೂರು ನಮ್ಮ ಕೆರೆ’, ಸರ್ಕಾರದ ‘ಕೆರೆ ಸಂಜೀವಿನಿ’ ಯೋಜನೆಗಳ ಹಿಂದಿರುವುದೂ ಈ ವಿವೇಕವೇ, ಅದರಲ್ಲಿ ತಪ್ಪು ಹುಡುಕಲಾರೆ. ಹಳ್ಳಿಯ ಕೆರೆಗೆ ಸಲ್ಲುವ ಈ ಜಾಣ್ಮೆಯನ್ನು ಊರಿನ ಮೋರಿ ಬಂದು ಸೇರುವ ಕೆರೆಗೂ ಕಣ್ಣುಮುಚ್ಚಿ ಅನ್ವಯಿಸುವುದು ಮಾತ್ರ ಬೇರೆ ಮಾತು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವಾಗ ಎದ್ದ ಪ್ರಶ್ನೆ ಇದೇ: ಈ ರಾಶಿಯನ್ನು ಎಲ್ಲಿ ಸುರಿಯಬೇಕು, ಹೊಲಕ್ಕೆ ಕೊಡಬಹುದೇ? ಬೆಳ್ಳಂದೂರಿನ ನೀರು ಹಾಯಿಸಿದ ನೆಲದ ಬಗ್ಗೆ ಬೆಂಗಳೂರಿನ ಲೋಕೇಶ್ವರಿ ಮತ್ತು ಚಂದ್ರಪ್ಪ 2006ರಲ್ಲೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಕೆರೆಯಿಂದ ಮಣ್ಣಿಗೆ, ಮಣ್ಣಿನಿಂದ ಭತ್ತಕ್ಕೆ, ತರಕಾರಿಗೆ ಲೋಹ ಏರಿದ್ದನ್ನು, ಕೆಲವು ಲೋಹ ಮಿತಿ ಮೀರಿದ್ದನ್ನು ಅವರು ತೋರಿಸಿದ್ದರು.

ಕಾಯಿದೆಯ ವಿಚಿತ್ರವೊಂದನ್ನು ಇಲ್ಲಿ ಹೇಳಬೇಕು. ಊರಿನ ಕಸದಿಂದ ಮಾಡಿದ ಕಾಂಪೋಸ್ಟನ್ನು ಚೀಲಕ್ಕೆ ತುಂಬಿ ರೈತನಿಗೆ ಮಾರಬೇಕಾದರೆ ರಸಗೊಬ್ಬರ ನಿಯಂತ್ರಣ ಆದೇಶ ಅಡ್ಡ ಬರುತ್ತದೆ. ಒಂದು ಕಿಲೋ ಕಾಂಪೋಸ್ಟಿನಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕಲ್ 50, ತಾಮ್ರ 300, ಸತು 1000, ಆರ್ಸೆನಿಕ್ 10, ಪಾದರಸ 0.15 ಮಿಲಿಗ್ರಾಂ ಮೀರುವಂತಿಲ್ಲ. ಅದೇ ಊರಿನ ಕೆರೆಯ ಹೂಳನ್ನು ಟಿಪ್ಪರಿನಲ್ಲಿ ತುಂಬಿ ಅದೇ ರೈತನ ಅದೇ ಹೊಲಕ್ಕೆ ಸುರಿದರೆ ಕೇಳುವವರಿಲ್ಲ. ಹೂಳಿಗೆಂದೇ ಮಿತಿ ಗೊತ್ತುಮಾಡಿದ ಮಾನದಂಡ ನಮ್ಮಲ್ಲಿಲ್ಲ. ಸೂಯೇಜ್ ಫಾರಂನ ಆವರಣದಲ್ಲಿ ಕಸದಿಂದ ಮಾಡಿದ ಗೊಬ್ಬರಕ್ಕೆ ಲೆಕ್ಕ ಉಂಟು, ಅಲ್ಲಿಂದ ಸ್ವಲ್ಪ ಕೆಳಗಿರುವ ಕೆರೆಯ ಗೋಡಿಗೆ ಲೆಕ್ಕವಿಲ್ಲ.

ಚಾಮುಂಡಿಯ ತಪ್ಪಲಿನ ಕಲ್ಲು

ಮಾನದಂಡ ಇಲ್ಲದ್ದಕ್ಕೆ ನಮ್ಮ ಸಂಶೋಧಕರು ಹೊರಗಿನದನ್ನು ಎರವಲು ತರುತ್ತಾರೆ. ಉತ್ತರ ಅಮೆರಿಕದವರು 2000ದಲ್ಲಿ ಒಮ್ಮತದ ಮೇಲೆ ಗೊತ್ತುಮಾಡಿದ ಅಂಕಿಗಳು ಹೆಚ್ಚು ಬಳಕೆಯಲ್ಲಿವೆ. ಆ ಪ್ರಕಾರ ಸಿಹಿನೀರಿನ ಹೂಳಿನಲ್ಲಿ ಕಿಲೋಗೆ 35.8 ಮಿಲಿಗ್ರಾಂಗಿಂತ ಕಡಿಮೆ ಸೀಸ ಇದ್ದರೆ ತಳದ ಜೀವಿಗಳಿಗೆ ಹಾನಿ ಆಗಲಿಕ್ಕಿಲ್ಲ, 128 ಮೀರಿದರೆ ಆಗುವ ಸಂಭವವೇ ಹೆಚ್ಚು. ಕ್ಯಾಡ್ಮಿಯಮ್ಮಿಗೆ 0.99 ಮತ್ತು 4.98. ಕ್ರೋಮಿಯಮ್ಮಿಗೆ 43.4 ಮತ್ತು 111. ನಿಕ್ಕಲ್ಲಿಗೆ 22.7 ಮತ್ತು 48.6.

ಸೀಸ, ಕ್ಯಾಡ್ಮಿಯಮ್ಮಿನ ಮಟ್ಟಿಗೆ ಈ ಎರವಲು ನಡೆದೀತು. ಕ್ರೋಮಿಯಂ, ನಿಕ್ಕಲ್ಲಿನ ವಿಷಯದಲ್ಲಿ ಮೈಸೂರಿನ ನೆಲವೇ ತಕರಾರು ತೆಗೆಯುತ್ತದೆ. ಮೈಸೂರಿನಿಂದ ನಂಜನಗೂಡಿನ ಕಡೆಗೆ, ಸರಗೂರಿನ ಕಡೆಗೆ ಹಬ್ಬಿರುವುದು ಭೂಮಿಯ ಅತ್ಯಂತ ಹಳೆಯ ಕಲ್ಲುಗಳಲ್ಲಿ ಕೆಲವು. ಅವುಗಳ ನಡುವೆ ಮೆಗ್ನೀಸಿಯಂ, ಕ್ರೋಮಿಯಂ, ನಿಕ್ಕಲ್ ತುಂಬಿದ ಕರಿಹಸಿರು ಕಲ್ಲಿನ ಪಟ್ಟಿಗಳಿವೆ. ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕನ್ಯದಲ್ಲಿ ಮ್ಯಾಗ್ನಸೈಟ್ ತೆಗೆದದ್ದು ಇಂಥ ಕಲ್ಲುಗಳಿಂದಲೇ. ಈ ಬಗೆಯ ಕಲ್ಲು ಕರಗಿ ಆದ ಮಣ್ಣಿನಲ್ಲಿ ಯಾವ ಕಾರ್ಖಾನೆಯ ಹಂಗೂ ಇಲ್ಲದೆ ಕ್ರೋಮಿಯಂ ಕಿಲೋಗೆ ಸಾವಿರ ಮಿಲಿಗ್ರಾಂ ದಾಟುವುದುಂಟು. ಅಮೆರಿಕದ ಅಂಕಿಯನ್ನು ಎದುರಿಗಿಟ್ಟುಕೊಂಡು ಅಳೆದರೆ ಕಾಡಿನ ನಡುವಿನ ಕಟ್ಟೆಯೂ ವಿಷದ ಗುಂಡಿ ಎನಿಸಿಕೊಂಡೀತು. ಕಾಂಪೋಸ್ಟಿನ 50ರ ಮಿತಿಗೂ ಇದೇ ತೊಡಕು.

ಇದಕ್ಕೆ ಪರಿಹಾರ ಉಂಟು, ಹೊಸತೂ ಅಲ್ಲ. ಜರ್ಮನಿಯ ಮುಲ್ಲರ್ 1969ರಲ್ಲೇ ಒಂದು ಸೂಚ್ಯಂಕ ಕೊಟ್ಟಿದ್ದ: ಹೂಳಿನಲ್ಲಿರುವ ಲೋಹವನ್ನು ಆಯಾ ನೆಲದ ಸಹಜ ಮಟ್ಟದ ಜೊತೆ ಹೋಲಿಸಿ ಎಷ್ಟು ಪಟ್ಟು ಏರಿದೆ ಎಂದು ನೋಡುವುದು. ಅದಕ್ಕೆ ಬೇಕಾದ್ದು ಮೈಸೂರಿನ ಸಹಜ ಮಟ್ಟ. ಊರಿನ ಕೊಳಚೆ ಸೋಕದ, ಅದೇ ಕಲ್ಲಿನ ಮೇಲಿರುವ ಕೆರೆಯ ಗೋಡಿನಿಂದ ಅದು ಸಿಗುತ್ತದೆ. ಇನ್ನೊಂದು ವಿಧಾನ 1979ರಲ್ಲಿ ಟೆಸಿಯೆ ಎಂಬಾತ ರೂಪಿಸಿದ್ದು. ಹೂಳನ್ನು ಒಂದರ ಮೇಲೊಂದರಂತೆ ಬಲವಾದ ದ್ರಾವಣಗಳಲ್ಲಿ ಕರಗಿಸುತ್ತಾ ಹೋದರೆ ಲೋಹ ಸಡಿಲವಾಗಿ ಅಂಟಿದೆಯೋ, ಸಾವಯವದಲ್ಲಿ ಸೇರಿದೆಯೋ, ಕಲ್ಲಿನ ಹರಳಿನೊಳಗೇ ಬಂದಿಯಾಗಿದೆಯೋ ಗೊತ್ತಾಗುತ್ತದೆ. ಸಿಂಧುವಳ್ಳಿಯ ಕ್ರೋಮೈಟಿನ ಹರಳಿನೊಳಗಿನ ಕ್ರೋಮಿಯಂ ಯಾವ ದಂಟಿನ ಬೇರಿಗೂ ಸಿಗದು. ಲೇಪದ ತೊಟ್ಟಿಯಿಂದ ಬಂದದ್ದರ ಮಾತು ಬೇರೆ. ಒಟ್ಟು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಸಡಿಲವಿದೆ ಎಂಬ ಅಂಕಿಯೇ ರೈತನಿಗೆ ಬೇಕಾದ್ದು.

ಹೀಗಾಗಿ ದಳವಾಯಿ ಕೆರೆ ವಿಷಮಯ ಎಂದು ಈ ಲೇಖನ ಘೋಷಿಸುತ್ತಿಲ್ಲ. ಘೋಷಿಸುವುದಕ್ಕೂ ಅಲ್ಲಗಳೆಯುವುದಕ್ಕೂ ಬೇಕಾದ ಕೆಲಸ ಹೂಳೆತ್ತುವ ಟೆಂಡರಿನ ಒಳಗೇ ಇರಬೇಕು ಎನ್ನುವುದು ನನ್ನ ವಾದ. ಮೋರಿ ಬಂದು ಸೇರುವ ಬಾಯಿ, ಕೆರೆಯ ನಡು, ತೂಬಿನ ಹತ್ತಿರ, ಕೋಡಿಯ ಹತ್ತಿರ ಬೇರೆ ಬೇರೆ ಆಳದಿಂದ ಹೂಳು ತೆಗೆಯುವುದು. ಹಸಿಯಾಗಿಯೂ ಒಣಗಿಸಿಯೂ ಪರೀಕ್ಷಿಸುವುದು. ಫಲಿತಾಂಶವನ್ನು ಕನ್ನಡದಲ್ಲಿ ಏರಿಯ ಮೇಲೆ ಬೋರ್ಡು ಹಾಕಿ ಬರೆಯುವುದು. ಬಾಯಿಯ ಹತ್ತಿರದ ಹೂಳು ಕೆಟ್ಟಿದ್ದು ನಡುವಿನದು ಚೆನ್ನಾಗಿರುವ ಸಾಧ್ಯತೆ ದೊಡ್ಡದು. ಆಗ ಚೆನ್ನಾಗಿರುವುದು ಹೊಲಕ್ಕೆ, ಕೆಟ್ಟದ್ದು ತಳಕ್ಕೆ ಹಾಸು ಹಾಕಿದ ಗುಂಡಿಗೆ. ತೆಗೆಯುವುದಕ್ಕಿಂತ ನೀರಿನಡಿ ಇದ್ದಲ್ಲೇ ಬಿಡುವುದು ಮೇಲು ಎಂಬ ತೀರ್ಮಾನಕ್ಕೂ ಬರಬೇಕಾದೀತು. ಹೂಳೆತ್ತಿದರೇ ಕೆರೆಯ ಉದ್ಧಾರ ಎಂದು ನಂಬಿರುವ ನಮಗೆ ಅದು ಕಹಿ ಮಾತು. ಸಿಎಫ್‌ಟಿಆರ್‌ಐ, ಮಾನಸಗಂಗೋತ್ರಿ ಇರುವ ಊರಿನಲ್ಲಿ ಇಷ್ಟನ್ನು ಮಾಡಲು ತಿಳಿದವರಿಗೆ ಬರವಿಲ್ಲ. ಹೂಳೆತ್ತುವ ಗುತ್ತಿಗೆಯ ಮೊತ್ತದ ಎದುರು ಖರ್ಚೂ ಲೆಕ್ಕಕ್ಕೆ ಬರುವಂಥದ್ದಲ್ಲ.

‘ಹಾಗಾದ್ರೆ ಸೊಪ್ಪು ತಿನ್ನೋದು ಬಿಡಬೇಕಾ ಸ್ವಾಮಿ?’

ಇಷ್ಟೆಲ್ಲ ಹೇಳಿದ ಮೇಲೆ ಯಾರಾದರೂ ಕೇಳುವ ಮೊದಲ ಪ್ರಶ್ನೆ ಇದು. ಕೇಳಬೇಕಾದ್ದೂ ಹೌದು. ಬಿಡಬೇಕಿಲ್ಲ. ಲೋಹಗಳೆಲ್ಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಸೀಸ ಮಣ್ಣನ್ನು ಬಿಟ್ಟು ಗಿಡದೊಳಕ್ಕೆ ಏರುವುದು ಕಡಿಮೆ. ಸೊಪ್ಪಿನ ಮೇಲೆ ಅದು ಬರುವುದು ಹೆಚ್ಚಾಗಿ ಧೂಳಾಗಿ, ಅಂಟಿದ ಮಣ್ಣಾಗಿ. ಎರಡು ಮೂರು ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಬಹುಪಾಲು ಹೋಗುತ್ತದೆ, ಮನೆಯ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕ್ಯಾಡ್ಮಿಯಂ ಹಾಗಲ್ಲ. ಅದು ಬೇರಿನಿಂದ ಎಲೆಗೆ ಏರುತ್ತದೆ, ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ, ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಪಾಲಕ್ಕಿನಂಥ ಎಲೆಸೊಪ್ಪು ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಟೊಮೆಟೊ, ಬೀನ್ಸಿನಂಥ ಕಾಯಿಗಳಲ್ಲಿ ಅದು ಕಡಿಮೆ.

ರೈತರ ಕೈಯಲ್ಲೂ ಸ್ವಲ್ಪ ಉಪಾಯವಿದೆ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಸಡಿಲ. ಸುಣ್ಣ ಹಾಕಿ ಹುಳಿ ತಗ್ಗಿಸಿದರೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಅದು ಮಣ್ಣಿನಲ್ಲೇ ಬಿಗಿದುಕೊಳ್ಳುತ್ತದೆ. ಮಣ್ಣಿನಲ್ಲಿ ಸತು ತೀರಾ ಕಡಿಮೆ ಇದ್ದರೆ ಗಿಡ ಅದರ ಬದಲಿಗೆ ಕ್ಯಾಡ್ಮಿಯಮ್ಮನ್ನು ಎಳೆದುಕೊಳ್ಳುತ್ತದೆ, ಸತುವಿನ ಕೊರತೆ ನೀಗಿಸಿದರೆ ಅದು ತಗ್ಗುತ್ತದೆ. ಊರಿನ ಕೆರೆಯ ಗೋಡನ್ನು ಈಗಾಗಲೇ ಹೊಡೆದಾಗಿದ್ದರೆ, ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷಿನ ಜೊತೆಗೆ ಸೀಸ, ಕ್ಯಾಡ್ಮಿಯಮ್ಮನ್ನೂ ನೋಡಿ ಎಂದು ಕೇಳಬೇಕು. ಅಂಕಿ ಹೆಚ್ಚಾಗಿ ಬಂದ ತಾಕಿನಲ್ಲಿ ಸೊಪ್ಪು ಬಿಟ್ಟು ಹೂವು ಹಾಕಬಹುದು. ಮೈಸೂರಿನಲ್ಲಿ ಮಲ್ಲಿಗೆಗೆ, ಸೇವಂತಿಗೆಗೆ, ಚೆಂಡುಹೂವಿಗೆ ಯಾವ ಹಬ್ಬದಲ್ಲೂ ಗಿರಾಕಿ ತಪ್ಪುವುದಿಲ್ಲ.